ತಿಮಿಂಗಿಲಕ್ಕ ನೀರಾನೆನೇ ಹತ್ತಿರದ ಸಂಬಂಧಿ ಅಂತ ಜೀನ್‌ನಿಂದ ಹೆಂಗ ಗೊತ್ತಾಯ್ತು?

ಜೀವಪಾಠ (ಕಲಬುರಗಿ):
ಎಲ್ಲರಿಗೂ ನಮಸ್ಕಾರ. ಇಲ್ಲೇ ಒಂದು ಪಿಯು ಕಾಲೇಜಿನಾಗ ಜೀವಶಾಸ್ತ್ರ ಹೇಳ್ತೀನಿ. ದ್ವಿತೀಯ ಪಿಯುಸಿ ವಿಕಾಸದ ಪಾಠದಾಗ ತಿಮಿಂಗಿಲ, ಬಾವಲಿ, ಚೀತಾ, ಮನುಷ್ಯ, ಇವುಗಳ ಮುಂಗಾಲಿನ ಎಲುಬಿನ ಜೋಡಣಿ ಒಂದೇ ನಮೂನಿ, ಅದಕ್ಕ ಇವಕ್ಕೆಲ್ಲ ಪೂರ್ವಜ ಒಂದೇ ಅಂತ ಬರ್ತದ. ಅದರ ಬೆನ್ನಿಗೇ ಪೆಂಗ್ವಿನ್‌ದೂ ಡಾಲ್ಫಿನ್‌ದೂ ಈಜುರೆಕ್ಕಿ ಒಂದೇ ಥರ ಕಂಡ್ರೂ ಆ ಹೋಲಿಕಿ ಲೆಕ್ಕಕ್ಕಿಲ್ಲ ಅಂತನೂ ಬರ್ತದ. ಮೊನ್ನೆ ಒಬ್ಬ ಹುಡುಗಿ ಎದ್ದು ಕೇಳಿದ್ಲು: "ಮೇಡಂ, ಒಂದು ಹೋಲಿಕಿ ನಂಬ್ರಿ ಅಂತೀರಿ, ಇನ್ನೊಂದು ನಂಬಬ್ಯಾಡ್ರಿ ಅಂತೀರಿ. ಮೊದಲೇ ಉತ್ತರ ಗೊತ್ತಿದ್ದವರು ಮಾತ್ರ ಹಿಂಗ ಹೇಳ್ಲಿಕ್ಕೆ ಬರ್ತದಲ್ರಿ?"

ಭಾಳ ಛಲೋ ಪ್ರಶ್ನೆ. ಎರಡು ಸಾಲಿನ ಉತ್ತರ ಕೊಟ್ಟು ಕೂಡಿಸೋ ಮನಸ್ಸಿಲ್ಲ. ತಿಮಿಂಗಿಲದ ಕಥಿಯಾಗ ಜೀನ್ ಏನು ಹೇಳ್ಯಾವ, ಎಲುಬು ಏನು ಹೇಳ್ಯಾವ, ಎರಡೂ ಜಗಳಾಡಿದಾಗ ಯಾವುದನ್ನ ಯಾಕ ನಂಬಿದ್ರು, ಇದನ್ನ ತಿಳಿದವರು ಕನ್ನಡದಾಗ ಬಿಡಿಸಿ ಹೇಳ್ರಿ.

ಸೂಪರ್ ಮಾರ್ಕೆಟ್ (ಕಲಬುರಗಿ):
ತಿಮಿಂಗಿಲ ಮರಿಗೆ ಹಾಲು ಕುಡಿಸ್ತದ, ಮ್ಯಾಲ ಬಂದು ಉಸಿರು ತಗೋತದ. ಸಸ್ತನಿ ಅಂತ ಹೇಳ್ಲಿಕ್ಕೆ ಇಷ್ಟು ಸಾಕಲ್ರಿ ಮೇಡಂ.

ಜೀವಪಾಠ (ಕಲಬುರಗಿ):
ಸಸ್ತನಿ ಅನ್ನೋತನಕ ಸಾಕ್ರಿ. ಆದ್ರ ಸಸ್ತನಿ ಒಳಗ ಯಾರ ಮನೀದು? ಹುಲಿ, ಕರಡಿ ಕಡೆದಾ, ಆಕಳ ಕಡೆದಾ, ಆನಿ ಕಡೆದಾ? ಹಾಲು ಎಲ್ಲವೂ ಕುಡಿಸ್ತಾವ.

ದೇವಣಿ ಹೋರಿ (ಬೀದರ್):
ಮೇಡಂ, ಎಲುಬಿನಿಂದ ಸುರು ಮಾಡ್ತೀನಿ. ನಾ ಬೀದರ್‌ನಾಗ ಪಶುವೈದ್ಯಕೀಯ ಓದ್ಲತೀನಿ, ನಮ್ಗ ಮೊದಲ ವರ್ಷ ಪೂರಾ ಎಲುಬೇ. ಆಡಿನ ಹಿಂಗಾಲಿನ ಹರಡಿನಾಗ ಆಸ್ಟ್ರಾಗಲಸ್ ಅಂತ ಒಂದು ಸಣ್ಣ ಎಲುಬು ಅದ. ಅಂಗೈ ಮ್ಯಾಲ ಇಟ್ಟು ತಿರುಗಿಸಿ ನೋಡಿದ್ರ ಮ್ಯಾಲಿನ ತುದಿಗೆ ಒಂದು ರಾಟಿ ಆಕಾರ, ನಡುವ ತೋಡು, ಎರಡೂ ಬಾಜೂ ಏಣು. ಕೆಳಗಿನ ತುದಿಗೂ ಹಂಗೇ ಇನ್ನೊಂದು ರಾಟಿ. ಕುದುರಿ, ನಾಯಿ ಎಲುಬು ತಗೊಂಡ್ರ ಮ್ಯಾಲ ಮಾತ್ರ ರಾಟಿ, ಕೆಳಗ ಇಲ್ಲ. ಜೋಡಿ ರಾಟಿ ಇರೋದು ಆಕಳ, ಎಮ್ಮಿ, ಆಡು, ಹಂದಿ, ಒಂಟಿ, ನೀರಾನೆ, ಇಂಥ ಜೋಡಿ ಗೊರಸಿನ ಪ್ರಾಣಿಗಷ್ಟೇ.

ಈಗಿನ ತಿಮಿಂಗಿಲಕ್ಕ ಹಿಂಗಾಲೇ ಇಲ್ಲ, ಹರಡು ಎಲ್ಲಿಂದ ತರೋದು? ಅದಕ್ಕ ಪಳೆಯುಳಿಕಿ ಬೇಕಾಯ್ತು. 2001ರಾಗ ಗಿಂಗರಿಚ್ ಅವರ ತಂಡದವರು ಪಾಕಿಸ್ತಾನದಾಗ ಸಿಕ್ಕ ರೋಡೋಸೀಟಸ್, ಆರ್ಟಿಯೋಸೀಟಸ್ ಅನ್ನೋ ಹಳೇ ತಿಮಿಂಗಿಲದ ಹರಡು ತೋರಿಸಿದ್ರು. ಅದೇ ವರ್ಷ ಥೆವಿಸನ್ ಅವರ ತಂಡ ಇನ್ನೂ ಹಳೇದಾದ ಪಾಕಿಸೀಟಸ್‌ದು ತೋರಿಸಿತು. ಎಲ್ಲಾದರಾಗೂ ಜೋಡಿ ರಾಟಿ! ನಾಲ್ಕು ಕಾಲು, ಕಾಲಿಗೆ ಆಡಿನ ಹರಡು, ತಲಿ ಒಳಗ ತಿಮಿಂಗಿಲದ ಕಿವಿ ಎಲುಬು. ನನಗಂತೂ ಚಿತ್ರ ನೋಡಿ ಮೈ ಜುಮ್ ಅಂದಿತ್ತು.

ಇನ್ನೊಂದು ಮಾತು. ತಿಮಿಂಗಿಲ ತಿನ್ನೋದು ಮಾಂಸ, ಆದ್ರ ಹೊಟ್ಟಿ ಮಾತ್ರ ಒಂದೇ ಚೀಲ ಅಲ್ಲ, ಹಲವು ಕೋಣಿ ಇರೋ ಹೊಟ್ಟಿ. ಮೆಲುಕು ಹಾಕಲ್ಲ, ಕೋಣಿ ಮಾತ್ರ ಉಳದಾವ.

ಅಳಂದದವ (ಈಗ ಹೈದರಾಬಾದ್):
ಹರಡಿನ ವಿಷಯ ಬರೋಬ್ಬರಿ ಅದ. ಆದ್ರ ಕ್ರಮ ಗಮನಿಸ್ರಿ, ಜೀನ್ ಕಡಿಯವರು ಈ ಮಾತು ಅದಕ್ಕಿಂತ ಭಾಳ ಮೊದಲೇ ಹೇಳಿದ್ರು. ಎಲುಬಿನವರು ಆಮ್ಯಾಲ ಬಂದು ಕೂಡಿದ್ರು.

1950ರಾಗ ಬಾಯ್ಡನ್ ಮತ್ತು ಜೆಮರಾಯ್ ರಕ್ತದ ಸೀರಮ್ ಮ್ಯಾಲ ಪರೀಕ್ಷೆ ಮಾಡಿದ್ರು. ಒಂದು ಪ್ರಾಣಿ ಸೀರಮ್ ವಿರುದ್ಧ ತಯಾರಾದ ಪ್ರತಿಕಾಯ ಇನ್ನೊಂದರ ಸೀರಮ್ ಜೋಡಿ ಎಷ್ಟು ಜೋರು ಪ್ರತಿಕ್ರಿಯೆ ಕೊಡ್ತದ ಅಂತ ಅಳಿಯೋದು. ತಿಮಿಂಗಿಲ ಎಲ್ಲಕ್ಕಿಂತ ಹತ್ತಿರ ಬಂದದ್ದು ಜೋಡಿ ಗೊರಸಿನ ಪ್ರಾಣಿಗಳಿಗೆ. ಆ ಹೊತ್ತಿಗೆ ಡಿಎನ್‌ಎ ಆಕಾರವೇ ಇನ್ನೂ ತಿಳಿದಿರಲಿಲ್ಲ. ಅಷ್ಟಾದ್ರೂ ಪಳೆಯುಳಿಕಿ ತಜ್ಞರು ಹಲ್ಲಿನ ಆಕಾರ ನೋಡಿ, ಮೆಸೊನಿಕಿಡ್ ಅನ್ನೋ ನಿರ್ನಾಮ ಆದ ಮಾಂಸಾಹಾರಿ ಗುಂಪಿನಿಂದ ತಿಮಿಂಗಿಲ ಬಂದದ ಅಂತ ದಶಕಗಟ್ಟಲೆ ನಂಬಿದ್ರು. 1994ರಾಗ ಗ್ರಾವುರ್ ಮತ್ತು ಹಿಗಿನ್ಸ್ ಪ್ರೋಟೀನ್, ಡಿಎನ್‌ಎ ಸರಣಿ ಹೋಲಿಸಿ, ತಿಮಿಂಗಿಲ ಜೋಡಿ ಗೊರಸಿನವಕ್ಕ ಬರೇ ಹತ್ತಿರ ಅಲ್ಲ, ಆ ಗುಂಪಿನ ಒಳಗಿಂದೇ ಅಂದ್ರು. ಅದಕ್ಕೂ ತಕರಾರು ಬಂತು. ಡಿಎನ್‌ಎಗೆ ಅಕ್ಷರ ನಾಲ್ಕೇ, ಒಂದೇ ಬದಲಾವಣಿ ಎರಡು ಕಡಿ ತಾನೇ ಆಗಿರಬಹುದು ಅಂತ.

ಆ ತಕರಾರಿಗೆ ಉತ್ತರ ಬಂದದ್ದು ಜಪಾನಿನಿಂದ. ನಮ್ಮ ಜೀನೋಮ್ ಒಳಗ ತನ್ನ ನಕಲು ತಾನೇ ಮಾಡಿಕೊಂಡು ಎಲ್ಲೋ ಒಂದು ಕಡಿ ಹೋಗಿ ಕೂಡೋ ತುಂಡುಗಳು ಅದಾವ, ಸೈನ್ ಮತ್ತು ಲೈನ್ ಅಂತಾರ. ಒಮ್ಮೆ ಕೂತ್ರ ಮುಗೀತು, ಅಳಿಯದೇ ಮಕ್ಕಳು ಮೊಮ್ಮಕ್ಕಳಿಗೆ ಹೋಗ್ತದ. 1999ರಾಗ ನಿಕೈಡೊ, ರೂನಿ, ಒಕಾಡ ಈ ತುಂಡುಗಳ ಜಾಗಾ ಹುಡುಕಿದ್ರು. ಕೆಲವು ತುಂಡು ತಿಮಿಂಗಿಲಕ್ಕೂ ನೀರಾನೆಗೂ ಒಂದೇ ಜಾಗಾದಾಗ ಇದ್ವು. ಆಕಳ, ಹಂದಿ, ಒಂಟಿಗೆ ಅದೇ ಜಾಗಾ ಖಾಲಿ.

ನಮ್ಮ ಕಡಿ ಪಹಣಿ ನೋಡಿದವರಿಗೆ ಇದು ಲಗೂನೇ ತಿಳೀತದ. ಎರಡು ನಕಲಿನಾಗ ಸರಿಯಾದ ಸಾಲು ಹೊಂದಿದ್ರ ಅದರಿಂದ ಏನೂ ಸಿದ್ಧ ಆಗಲ್ಲ, ಸರಿ ಇದ್ದದ್ದು ಎಲ್ಲಾ ಕಡೆ ಸರಿನೇ ಇರ್ತದ. ಒಂದೇ ಸರ್ವೆ ನಂಬರಿನ ಮುಂದ, ಒಂದೇ ಜಾಗಾದಾಗ, ಒಂದೇ ಬೇಡಾದ ಸಾಲು ನುಸುಳಿದ್ರ ಮಾತ್ರ ಎರಡೂ ಒಂದೇ ಹಳೇ ಕಾಗದದಿಂದ ಬಂದಾವ ಅಂತ ಅರ್ಥ.

ಮೇಡಂ, ನಿಮ್ಮ ವಿದ್ಯಾರ್ಥಿನಿ ಪ್ರಶ್ನೆಗೆ ನನ್ನ ಉತ್ತರ ಇದೇ. ಈಜುರೆಕ್ಕಿ ನೀರಿನಾಗ ಕೆಲಸಕ್ಕ ಬರ್ತದ, ಅದಕ್ಕ ಯಾರು ನೀರಿಗಿಳಿದ್ರೂ ಅದು ಬೆಳೀಬಹುದು. ಯಾವ ಕೆಲಸಕ್ಕೂ ಬಾರದ ಹೋಲಿಕಿ ಇದ್ರ ಅದನ್ನ ನಂಬ್ರಿ. ಉತ್ತರ ಮೊದಲೇ ಗೊತ್ತಿರಬೇಕಾಗಿಲ್ಲ.

ಕೋಟೆ ಕಡೆಯವ (ಬೀದರ್):
ಒಂದು ನಿಮಿಷ ನಿಂದ್ರಿ. ಅದೇ ಜಾಗಾದಾಗ ಎರಡು ಪ್ರಾಣಿಯಾಗ ಬ್ಯಾರೆ ಬ್ಯಾರೆ ಕಾಲಕ್ಕ ತುಂಡು ಹೋಗಿ ಕೂತಿರಬಾರ್ದಾ? ನೀವು ಅಸಾಧ್ಯ ಅಂತ ಹೆಂಗ ಹೇಳ್ತೀರಿ?

ಅಳಂದದವ (ಈಗ ಹೈದರಾಬಾದ್):
ಅಸಾಧ್ಯ ಅನ್ನಲ್ಲ. ಸಸ್ತನಿ ಜೀನೋಮ್ ಅಂದ್ರ ಸುಮಾರು 300 ಕೋಟಿ ಅಕ್ಷರ. ಅಷ್ಟರಾಗ ಅದೇ ಜಾಗಾ, ಅದೇ ತುಂಡು, ಅದೇ ದಿಕ್ಕಿಗೆ ಎರಡನೇ ಸಲ ಕೂಡೋದು ಭಾಳ ಅಪರೂಪ. ಅದಕ್ಕೇ ಒಂದೇ ತುಂಡಿನ ಮ್ಯಾಲ ಯಾರೂ ತೀರ್ಮಾನ ಕೊಡಲ್ಲ, ಹಲವು ನೋಡ್ತಾರ. ಆಮೇಲ ಪೂರಾ ಜೀನೋಮ್ ಓದಿದಾಗಲೂ ನೀರಾನೆ ಸ್ಥಾನ ಅಲ್ಲಾಡಲಿಲ್ಲ.

ಗುರುಮಠಕಲ್ (ಯಾದಗಿರಿ):
ಅಂದ್ರ ನೀರಾನೆ ಹೊಳಿಯಿಂದ ಸಮುದ್ರಕ್ಕ ಹೋಗಿ ತಿಮಿಂಗಿಲ ಆಯ್ತು ಅಂತೀರಾ? ಹಂಗಿದ್ರ ಈಗಿನ ನೀರಾನೆ ಯಾಕ ಹೋಗ್ಲಿಕ್ಕತ್ತಿಲ್ಲ?

ದೇವಣಿ ಹೋರಿ (ಬೀದರ್):
ಇಲ್ಲಣ್ಣಾ. ನೀರಾನೆ ತಿಮಿಂಗಿಲಕ್ಕ ಅಪ್ಪ ಅಲ್ಲ, ದೂರದ ದಾಯಾದಿ. ಇಬ್ಬರ ಹಿರಿಯ ಒಂದೇ, ಮನಿ ಪಾಲಾಗಿ ಸುಮಾರು 5.5 ಕೋಟಿ ವರ್ಷ ಆಗ್ಯಾದ. ಆ ಹಿರಿಯ ನೋಡ್ಲಿಕ್ಕೆ ನೀರಾನೆ ಹಂಗೂ ಇರಲಿಲ್ಲ, ತಿಮಿಂಗಿಲದ ಹಂಗೂ ಇರಲಿಲ್ಲ.

ಸುರಪುರ ಸೀಮೆ (ಯಾದಗಿರಿ):
ಇದಕ್ಕ ಒಂದು ಸೇರಿಸ್ತೀನಿ. ಇಬ್ಬರದೂ ಚರ್ಮ ನುಣುಪು, ಕೂದಲು ಇಲ್ಲದಷ್ಟು ಕಡಿಮಿ. ಹಂಗಂತ ಆ ಹಿರಿಯನೂ ಅರ್ಧ ನೀರಿನಾಗೇ ಇದ್ದ ಅಂತ ಭಾಳ ಮಂದಿ ಅಂದ್ಕೊಂಡಿದ್ರು. 2021ರಾಗ ಸ್ಪ್ರಿಂಗರ್ ಮತ್ತು ಜೊತೆಗಾರರು ಚರ್ಮದ ರಚನೆ, ಚರ್ಮಕ್ಕ ಸಂಬಂಧಪಟ್ಟ ಜೀನ್ ಎರಡೂ ಹೋಲಿಸಿದ್ರು. ಎರಡೂ ಕುಟುಂಬದಾಗ ಚರ್ಮದ ಬದಲಾವಣಿ ಬ್ಯಾರೆ ಬ್ಯಾರೆಯಾಗಿ ಆಗ್ಯಾದ ಅಂತ ತೋರಿಸಿದ್ರು. ಅಂದ್ರ ನೀರಿಗೆ ಇಳಿದದ್ದು ಎರಡು ಸಲ. ನೋಡ್ರಿ, ಹತ್ತಿರದ ಸಂಬಂಧಿಗಳ ಮೈಮ್ಯಾಲಿನ ಹೋಲಿಕಿ ಕೂಡ ಪಿತ್ರಾರ್ಜಿತ ಅಂತ ಕಣ್ಣು ಮುಚ್ಚಿ ಹೇಳ್ಲಿಕ್ಕೆ ಬರಲ್ಲ.

ಪರಶಿಕಲ್ಲು (ಶಹಾಬಾದ್):
ನಾನು ಭೂವಿಜ್ಞಾನದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಪಾಕಿಸ್ತಾನದ ಹೆಸರಷ್ಟೇ ಬಂತು, ನಮ್ಮವರ ಕೆಲಸ ಯಾರೂ ಹೇಳಲಿಲ್ಲ. ಹೇಳಲೇಬೇಕು.

ಜಮ್ಮು ಕಾಶ್ಮೀರದ ರಜೌರಿ ಜಿಲ್ಲೆಯ ಕಾಲಾಕೋಟ್‌ನಲ್ಲಿ ಎ. ರಂಗ ರಾವ್ ಎಂಬ ಭೂವಿಜ್ಞಾನಿ ಪಳೆಯುಳಿಕೆ ಕೂಡಿಸಿ, 1971ರಲ್ಲಿ ಒಂದು ಸಣ್ಣ ಪ್ರಾಣಿಗೆ ಇಂಡೋಹಯಸ್ ಎಂದು ಹೆಸರಿಟ್ಟರು. ಅವರು ತಂದ ಎಷ್ಟೋ ಕಲ್ಲುಗಳು ಒಡೆಯದೆ ಹಾಗೇ ಉಳಿದವು. ರಂಗ ರಾವ್ ತೀರಿಕೊಂಡ ಮೇಲೆ ಅವರ ಪತ್ನಿ ಆ ಕಲ್ಲುಗಳನ್ನು ಜೋಪಾನ ಮಾಡಿಟ್ಟಿದ್ದರು. ಅವು ಅವರಿಂದ ಥೆವಿಸನ್ ಅವರ ಕೈಗೆ ಹೋದವು. ಪ್ರಯೋಗಾಲಯದಲ್ಲಿ ಕಲ್ಲು ಬಿಡಿಸುವಾಗ ಒಂದು ತಲೆಬುರುಡೆಯ ಕಿವಿಭಾಗ ಆಕಸ್ಮಿಕವಾಗಿ ಮುರಿಯಿತು. ಒಳಗೆ ನೋಡಿದರೆ ಕಿವಿಗೂಡಿನ ಒಳಗಿನ ಗೋಡೆ ದಪ್ಪ, ಹೊರಗಿನದು ತೆಳು. ಅಂಥ ಕಿವಿ ಅಲ್ಲಿಯವರೆಗೆ ತಿಮಿಂಗಿಲಗಳಲ್ಲಿ ಮಾತ್ರ ಕಂಡಿತ್ತು. ಕಾಲಿನ ಮೂಳೆಗಳೂ ಗಟ್ಟಿ, ಭಾರ. ನೀರಲ್ಲಿ ತೇಲಿಹೋಗದೆ ನಡೆದಾಡುವ ಪ್ರಾಣಿಗಳಿಗೆ ಇರುವಂಥವು. 2007ರಲ್ಲಿ ಇದು ಪ್ರಕಟವಾಯಿತು. ಪ್ರಾಣಿ ಸುಮಾರು 4.8 ಕೋಟಿ ವರ್ಷ ಹಿಂದಿನದು, ಗಾತ್ರ ಬೆಕ್ಕಿನಿಂದ ಸ್ವಲ್ಪ ದೊಡ್ಡದು.

ಕಛ್‌ನ ಹಳೆಯ ತಿಮಿಂಗಿಲಗಳನ್ನು 1970ರ ದಶಕದಲ್ಲೇ ಅಶೋಕ್ ಸಾಹ್ನಿ ಮತ್ತು ವಿ.ಪಿ. ಮಿಶ್ರಾ ವಿವರಿಸಿದ್ದರು. ಹಿಮಾಚಲದ ಹಿಮಾಲಯಾಸೀಟಸ್ ಎಂಬ ಹಳೆಯ ತಿಮಿಂಗಿಲವನ್ನು 1998ರಲ್ಲಿ ಸುನಿಲ್ ಬಾಜಪೇಯಿ ಮತ್ತು ಗಿಂಗರಿಚ್ ಪ್ರಕಟಿಸಿದರು. ತಿಮಿಂಗಿಲ ಹುಟ್ಟಿದ ತೀರ ನಮ್ಮ ಉಪಖಂಡದ್ದು, ಇದನ್ನು ಮಕ್ಕಳಿಗೆ ಹೆಮ್ಮೆಯಿಂದ ಹೇಳಿ.

ಸೂಪರ್ ಮಾರ್ಕೆಟ್ (ಕಲಬುರಗಿ):
ಕಾಕಾ, ಹಂಗಿದ್ರ ನಮ್ಮ ಶಹಾಬಾದ್ ಪರಶಿಯಾಗೂ ಸಿಗಬಹುದಲ್ಲ? ಅದೂ ಸಮುದ್ರದ ತಳದಾಗ ಆದ ಕಲ್ಲು ಅಂತ ಕೇಳೀನಿ.

ಪರಶಿಕಲ್ಲು (ಶಹಾಬಾದ್):
ಸಮುದ್ರದ ತಳದ್ದೇ, ಆದರೆ ವಯಸ್ಸು ಹೊಂದುವುದಿಲ್ಲ ತಮ್ಮಾ. ಶಹಾಬಾದ್ ಸುಣ್ಣಕಲ್ಲು ಭೀಮಾ ಶಿಲಾಸಮೂಹಕ್ಕೆ ಸೇರಿದ್ದು. ಅದು ಹಾಸಿ ಮುಗಿದಾಗ ಭೂಮಿಯ ಮೇಲೆ ಎಲುಬುಳ್ಳ ಪ್ರಾಣಿಯೇ ಇರಲಿಲ್ಲ. ಆಮೇಲೆ ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್ ಲಾವಾ ಹರಿದು, ನಮ್ಮ ಎರೆಮಣ್ಣಿಗೆ ತಾಯಿಯಾದ ಕಪ್ಪು ಕಲ್ಲು ಹಾಸಿತು. ತಿಮಿಂಗಿಲಗಳು ಬಂದದ್ದು ಅದಕ್ಕೂ ಈಚೆಗೆ. ಆ ಕಾಲದ ಸಮುದ್ರದ ಪದರ ನಮ್ಮ ಮೂರೂ ಜಿಲ್ಲೆಯಲ್ಲಿಲ್ಲ. ಇಲ್ಲಿ ಅಗೆದು ಪ್ರಯೋಜನವಿಲ್ಲ, ಕಛ್‌ಗೆ ಹೋಗಬೇಕು.

ಜೀವಪಾಠ (ಕಲಬುರಗಿ):
ರಂಗ ರಾವ್ ಅವರ ಕಥಿ ನಾಳೆನೇ ಹೇಳ್ತೀನಿ ಸರ್. ಈಗ ಎರಡನೇ ಅರ್ಧ. ಸಂಬಂಧ ಗೊತ್ತಾಯ್ತು. ನೆಲದ ಪ್ರಾಣಿ ಸಮುದ್ರದ್ದಾಗೋ ಮುಂದ ಜೀನೋಮ್ ಒಳಗ ಏನೇನು ಬದಲಾತು?

ಸುರಪುರ ಸೀಮೆ (ಯಾದಗಿರಿ):
ನನಗ ಇಡೀ ವಿಷಯದಾಗ ಇದೇ ಭಾಗ ಭಾಳ ಇಷ್ಟ, ಅದಕ್ಕ ಉದ್ದ ಬರೀತೀನಿ. ಒಂದೇ ಮಾತಿನಾಗ ಹೇಳಬೇಕಂದ್ರ, ತಿಮಿಂಗಿಲದ ಜೀನೋಮ್ ಓದಿದ್ರ ಎದ್ದು ಕಾಣೋದು ಕೆಟ್ಟು ನಿಂತ ಜೀನ್. ಅವು ಮಾಯ ಆಗಿಲ್ಲ, ಅದೇ ಜಾಗಾದಾಗ ಮುರಕೊಂಡು ಬಿದ್ದಾವ, ಓದ್ಲಿಕ್ಕೆ ಬರ್ತಾವ.

ಹಲ್ಲು ತಗೋರಿ. ನೀಲಿ ತಿಮಿಂಗಿಲದಂಥ ಬಲೀನ್ ತಿಮಿಂಗಿಲಕ್ಕ ಹಲ್ಲಿಲ್ಲ, ನೀರು ಸೋಸೋ ಬಲೀನ್ ತಟ್ಟಿ ಅದಾವ. ಆದ್ರ ತಾಯಿ ಹೊಟ್ಟಿಯೊಳಗ ಭ್ರೂಣಕ್ಕ ಹಲ್ಲಿನ ಮೊಳಕಿ ಬರ್ತಾವ, ಹುಟ್ಟೋದ್ರೊಳಗ ಕರಗಿ ಹೋಗ್ತಾವ. ಹಲ್ಲಿನ ಮ್ಯಾಲಿನ ಗಟ್ಟಿ ಪದರು, ಎನಾಮಲ್, ಅದನ್ನ ಕಟ್ಟೋ ಜೀನ್‌ಗಳೂ ಜೀನೋಮ್‌ನಾಗ ಅದಾವ, ಕೆಟ್ಟ ಸ್ಥಿತಿಯಾಗ. 2011ರಾಗ ಮೆರಿಡಿತ್ ಮತ್ತು ಸಂಗಡಿಗರು ಎಂಎಂಪಿ20 ಅನ್ನೋ ಜೀನ್ ನೋಡಿದ್ರು. ಎನಾಮಲ್ ಗಟ್ಟಿ ಆಗ್ಲಿಕ್ಕೆ ಅದು ಬೇಕೇಬೇಕು. ಅದರ ನಡುವ ಒಂದು ಸೈನ್ ತುಂಡು ಹೊಕ್ಕು ಜೀನ್ ಕೆಡಿಸಿಬಿಟ್ಟದ. ಅವರು ನೋಡಿದ ಎಲ್ಲಾ ಬಲೀನ್ ಗುಂಪಿನಾಗೂ ಅದೇ ಜಾಗಾ, ಅದೇ ತುಂಡು! ಅಳಂದದ ಅಣ್ಣ ಹೇಳಿದ ಬೇಡಾದ ಸಾಲು ಇಲ್ಲೂ ಸಿಕ್ತು ನೋಡ್ರಿ. ಅವುಗಳ ಹಿರಿಯನಾಗೇ ಎನಾಮಲ್ ಹೋಗಿತ್ತು.

ವಾಸನಿ: ಡಾಲ್ಫಿನ್‌ನಂಥ ಹಲ್ಲಿನ ತಿಮಿಂಗಿಲಕ್ಕ ಮೆದುಳಿನಾಗ ವಾಸನಿ ಭಾಗವೇ ಇಲ್ಲ, ವಾಸನಿ ಹಿಡಿಯೋ ಗ್ರಾಹಕದ ಜೀನ್ ಬಹುತೇಕ ಕೆಟ್ಟಾವ. ರುಚಿ: 2014ರ ಒಂದು ಅಧ್ಯಯನದ ಪ್ರಕಾರ ಸಿಹಿ, ಕಹಿ, ಮಾಂಸದ ಉಮಾಮಿ ರುಚಿಯ ಗ್ರಾಹಕ ಹೋಗಿ, ಉಪ್ಪಿಂದು ಉಳದದ. ಬೇಟೆ ಇಡಿಯಾಗಿ ನುಂಗೋ ಪ್ರಾಣಿಗೆ ರುಚಿ ನೋಡೋ ಪ್ರಸಂಗ ಎಲ್ಲಿ? ಬಣ್ಣ: ಕಣ್ಣಿನಾಗ ಬಣ್ಣ ಗುರುತಿಸೋ ಕೋಶಕ್ಕ ಕೋನ್ ಅಂತಾರ, ಅದರಾಗ ನೀಲಿ ಬೆಳಕು ಹಿಡಿಯೋ ಕೋನ್ ಜೀನ್ ಹೋಗ್ಯಾದ. ಭಾಳ ಆಳಕ್ಕ ಹೋಗೋ ಸ್ಪರ್ಮ್ ತಿಮಿಂಗಿಲದಂಥವಕ್ಕ ಉಳಿದ ಕೋನ್ ಜೀನೂ ಕೆಟ್ಟದ, ಮಂದ ಬೆಳಕಿನ ರಾಡ್ ಕೋಶ ಮಾತ್ರ ಗತಿ.

2019ರಾಗ ಹಿಲ್ಲರ್ ಅವರ ಗುಂಪು ಸಾಲಾಗಿ ಹುಡುಕಿದಾಗ ನೀರಿಗೆ ಇಳಿಯೋ ಕಾಲಕ್ಕ ಹೋದ 85 ಜೀನ್ ಸಿಕ್ವು. ಅದರಾಗ ಮೆಲಟೋನಿನ್ ತಯಾರು ಮಾಡೋ ಜೀನೂ ಅದಾವ, ಅದನ್ನ ಹಿಡಿಯೋ ಗ್ರಾಹಕದ ಜೀನೂ ಅದಾವ. ಮೆಲಟೋನಿನ್ ನಮಗ ರಾತ್ರಿ ನಿದ್ದಿ ತರೋದು. ಸಮುದ್ರದಾಗ ಪೂರಾ ನಿದ್ದಿ ಮಾಡಿದ್ರ ಉಸಿರಿಗೆ ಮ್ಯಾಲ ಬರೋರು ಯಾರು? ಅದಕ್ಕ ಡಾಲ್ಫಿನ್ ಅರ್ಧ ಮೆದುಳು ಮಲಗಿಸಿ, ಅರ್ಧ ಎಚ್ಚರ ಇಡ್ತದ.

ಕೋಟೆ ಕಡೆಯವ (ಬೀದರ್):
ಒಂದೊಂದಾಗಿ ಕಳಕೊಳ್ಳೋದಕ್ಕ ವಿಕಾಸ ಅಂತ ಹೆಂಗ ಕರೀತೀರಿ? ನನಗಂತೂ ಇದು ಅವನತಿ ಅನಸ್ತದ. ವಿಕಾಸ ಅಂದ್ರ ಮುಂದಕ್ಕ ಹೋಗಬೇಕು.

ಸುರಪುರ ಸೀಮೆ (ಯಾದಗಿರಿ):
ಮುಂದಕ್ಕ ಅಂದ್ರ ಯಾವ ಕಡಿಗೆ ಅಣ್ಣಾ? ಕತ್ತಲಿ ನೀರಿನಾಗ ಬಣ್ಣ ನೋಡೋ ಜೀನ್ ಕೆಟ್ರೆ ಆ ಪ್ರಾಣಿಗೆ ನಷ್ಟ ಇಲ್ಲ, ಕೆಟ್ಟದ್ದು ಹಂಗೇ ಉಳೀತದ. ಇನ್ನು ಕೆಲವು ಕೆಟ್ಟದ್ದೇ ಲಾಭ ಇರಬಹುದು. ಆಳಕ್ಕ ಮುಳುಗಿದಾಗ ರಕ್ತನಾಳ ಬಿಗೀತಾವ, ರಕ್ತದಾಗ ನೈಟ್ರೋಜನ್ ಗುಳ್ಳಿ ಏಳೋ ಅಪಾಯ ಇರ್ತದ, ರಕ್ತ ಸುಮ್ಮಸುಮ್ಮಕ ಹೆಪ್ಪುಗಟ್ಟಿದ್ರ ಸಾವೇ. ಹೆಪ್ಪುಗಟ್ಟೋ ಕ್ರಿಯೆ ಎಬ್ಬಿಸೋ ಎರಡು ಜೀನ್ ಆ 85ರಾಗ ಅದಾವ.

ಅಳಂದದವ (ಈಗ ಹೈದರಾಬಾದ್):
ಇಲ್ಲಿ ತಂಗಿ ಮಾತಿಗೆ ಸ್ವಲ್ಪ ಲಗಾಮು ಹಾಕ್ತೀನಿ. ಜೀನ್ ಕೆಟ್ಟದ ಅನ್ನೋದು ಡಿಎನ್‌ಎದಾಗ ಕಣ್ಣಿಗೆ ಕಾಣೋ ಸಂಗತಿ. ಅದು ಕೆಟ್ಟದ್ದರಿಂದ ಲಾಭ ಆಯ್ತು ಅನ್ನೋದು ಊಹೆ, ಛಲೋ ಊಹೆ. ಎರಡನ್ನೂ ಒಂದೇ ಗಟ್ಟಿ ದನಿಯಾಗ ಮಕ್ಕಳಿಗೆ ಹೇಳಬಾರ್ದು.

ಮತ್ತ ಗಳಿಸಿದ್ದೂ ಅದ. ಸ್ನಾಯುವಿನಾಗ ಆಮ್ಲಜನಕ ಕೂಡಿಡೋ ಪ್ರೋಟೀನ್ ಮಯೋಗ್ಲೋಬಿನ್. ತಿಮಿಂಗಿಲದ ಸ್ನಾಯು ಅದರಿಂದಲೇ ಕಪ್ಪಗ ಕಾಣ್ತದ. ಜಗತ್ತಿನಾಗ ಮೂರು ಆಯಾಮದ ರಚನೆ ಕಂಡುಹಿಡಿದ ಮೊದಲ ಪ್ರೋಟೀನೂ ಅದೇ. ಜಾನ್ ಕೆಂಡ್ರ್ಯೂ 1958ರಾಗ ಬಿಡಿಸಿದ್ದು ಸ್ಪರ್ಮ್ ತಿಮಿಂಗಿಲದ ಮಯೋಗ್ಲೋಬಿನ್, 1962ರಾಗ ನೊಬೆಲ್ ಬಂತು. ಪ್ರೋಟೀನ್ ಭಾಳ ಒತ್ತಟ್ಟಿಗೆ ತುಂಬಿದ್ರ ಒಂದಕ್ಕೊಂದು ಅಂಟಿ ಗಟ್ಟಿ ಆಗ್ತಾವ. 2013ರಾಗ ಮಿರ್ಸೆಟಾ ಮತ್ತು ಜೊತೆಗಾರರು ತೋರಿಸಿದ್ದೇನಂದ್ರ, ಆಳಕ್ಕ ಮುಳುಗೋ ಸಸ್ತನಿಗಳ ಮಯೋಗ್ಲೋಬಿನ್ ಮೈಮ್ಯಾಲ ಧನ ವಿದ್ಯುದಂಶ ಹೆಚ್ಚು. ಅದಕ್ಕ ಒಂದನ್ನೊಂದು ದೂರ ತಳ್ಳತಾವ, ಅಂಟಲ್ಲ. ಈ ಲೆಕ್ಕ ಹಿಡಿದು ನಿರ್ನಾಮ ಆದ ತಿಮಿಂಗಿಲ ಎಷ್ಟು ಹೊತ್ತು ಮುಳುಗಿರಬಹುದಿತ್ತು ಅಂತನೂ ಅಂದಾಜು ಮಾಡ್ಯಾರ.

ಗುರುಮಠಕಲ್ (ಯಾದಗಿರಿ):
ಕಾಲು ಎಲ್ಲಿ ಹೋದ್ವು ಅಂತ ಯಾರೂ ಹೇಳಲಿಲ್ಲ.

ದೇವಣಿ ಹೋರಿ (ಬೀದರ್):
ಡಾಲ್ಫಿನ್ ಭ್ರೂಣಕ್ಕ ಸುರುವಿನ ವಾರಗಳಾಗ ಹಿಂಗಾಲಿನ ಮೊಳಕಿ ಎರಡೂ ಬರ್ತಾವಣ್ಣಾ. ಆಮ್ಯಾಲ ಬೆಳಿಯೋದು ನಿಂತು ಕರಗ್ತಾವ. 2006ರಾಗ ಥೆವಿಸನ್ ಅವರೇ ಇದನ್ನ ನೋಡಿದ್ರು. ಕಾಲು ಬೆಳಿಸೋ ಸಂಕೇತ ಸೋನಿಕ್ ಹೆಡ್ಜ್‌ಹಾಗ್ ಅನ್ನೋ ಜೀನ್‌ದು. ಹಿಂಗಾಲಿನ ಮೊಳಕಿಯಾಗ ಅದು ಚಾಲೂ ಆಗಲ್ಲ. ಮುಂಗಾಲಿಗೆ ಅದೇ ಜೀನ್ ಬೇಕು, ಇನ್ನೂ ಎಷ್ಟೋ ಅಂಗಕ್ಕ ಬೇಕು, ಹಂಗಾಗಿ ಜೀನ್ ಕೆಟ್ಟಿಲ್ಲ. ಅಲ್ಲಿ ಚಾಲೂ ಆಗೋದಷ್ಟೇ ನಿಂತದ. ಅದೇ 2006ರಾಗ ಜಪಾನಿನ ತೈಜಿ ಹತ್ರ ಹಿಂದ ಇನ್ನೊಂದು ಜೋಡಿ ಸಣ್ಣ ರೆಕ್ಕಿ ಇದ್ದ ಡಾಲ್ಫಿನ್ ಜೀವಂತ ಸಿಕ್ಕಿತ್ತು.

ತೊಗರಿ ಕಣ (ಚಿತ್ತಾಪುರ):
ಮೊದಲಿಂದ ಎಲ್ಲಾ ಓದಿದೆ. ನಾ ಒಕ್ಕಲುತನ ಮಾಡಾಂವ, ಬಿಎಸ್ಸಿ ತನಕ ಓದೀನಿ. ಪಾನ್-1 ಅನ್ನೋ ಜೀನ್ ಬಗ್ಗೆ ಎಲ್ಲೋ ಓದಿದ್ದೆ, ಕ್ರಿಮಿನಾಶಕ ಸಂಬಂಧದ್ದು. ತಿಮಿಂಗಿಲಕ್ಕ ಅದಿಲ್ಲಂತಲ್ಲ? ತಿಳಿದವರು ಹೇಳ್ರಿ. ತೊಗರಿ ಹೂವಿಗೆ ಬಂದಾಗ ಕಾಯಿಕೊರಕದ ಸಲುವಾಗಿ ನಾವು ಹೊಡೆಯೋ ಎಣ್ಣಿ ಎಲ್ಲಾ ಅದೇ ಜಾತೀವು. ಗಾಳಿ ತಿರುಗಿದ್ರ ಮಾರಿ ಮ್ಯಾಲೇ ಬರ್ತದ. ಒಮ್ಮೆ ಹಂಗೇ ಆಗಿ ಕಣ್ಣು ಮಂಜಾಗಿ, ಬಾಯಿ ತುಂಬ ಜೊಲ್ಲು ಸುರಿದು ದವಾಖಾನಿಗೆ ಹೋಗೀನಿ. ನನಗ ಇದು ಪುಸ್ತಕದ ವಿಷಯ ಅಲ್ಲ.

ಸುರಪುರ ಸೀಮೆ (ಯಾದಗಿರಿ):
ಅಣ್ಣಾ, ನೀವು ಓದಿದ್ದು ಖರೇ. ಪಾರಾಆಕ್ಸೊನೇಸ್-1 ಅಂತ ಅದರ ಪೂರಾ ಹೆಸರು. ನಮ್ಮ ರಕ್ತದಾಗಿನ ಕೊಬ್ಬು ಕೆಡದಂಗ ನೋಡೋದರಾಗ ಅದರ ಪಾಲು ಅದ ಅಂತಾರ. ಅದರ ಜೋಡಿ ಕ್ಲೋರ್‌ಪೈರಿಫಾಸ್, ಡಯಾಜಿನಾನ್ ಅಂಥ ಆರ್ಗನೋಫಾಸ್ಫೇಟ್ ಎಣ್ಣಿ ಮೈಯೊಳಗ ಹೋಗಿ ವಿಷ ರೂಪಕ್ಕ ತಿರುಗಿದಾಗ ಆ ವಿಷವನ್ನ ಒಡಿಯೋ ಕೆಲಸನೂ ಇದೇ ಮಾಡ್ತದ. 2018ರಾಗ ವಿನ್ ಮೇಯರ್, ನೇಥನ್ ಕ್ಲಾರ್ಕ್ ಮತ್ತು ಜೊತೆಗಾರರು ತೋರಿಸಿದ್ರು: ತಿಮಿಂಗಿಲ, ಡಾಲ್ಫಿನ್‌ಗಳಾಗ ಈ ಜೀನ್ ಕೆಟ್ಟದ. ನೀರಿನಾಗ ಇರೋ, ಆನಿ ಸಂಬಂಧಿ ಆದ ಮನಾಟಿಗೂ ಕೆಟ್ಟದ, ಕೆಲವು ಸೀಲ್‌ಗಳಿಗೂ ಕೆಟ್ಟದ. ಬ್ಯಾರೆ ಬ್ಯಾರೆ ಕುಟುಂಬ, ಬ್ಯಾರೆ ಬ್ಯಾರೆ ಕಾಲ, ಕೆಟ್ಟದ್ದು ಅದೇ ಜೀನ್! ಬರೇ ಡಿಎನ್‌ಎ ಓದಿ ಬಿಡಲಿಲ್ಲ, ಆ ಪ್ರಾಣಿಗಳ ರಕ್ತ ತಂದು ಪರೀಕ್ಷೆ ಮಾಡಿದ್ರು. ವಿಷ ಒಡಿಯೋ ಶಕ್ತಿ ಇಲ್ಲ ಅನ್ನೋಷ್ಟು ಕಡಿಮಿ.

ಜೀನ್ ಹೋದದ್ದು ಕೋಟಿಗಟ್ಟಲೆ ವರ್ಷ ಹಿಂದ, ಆಗ ಈ ಎಣ್ಣಿ ಇರಲಿಲ್ಲ, ಹಂಗಾಗಿ ಅವಕ್ಕ ಕೊರತಿ ಆಗಲಿಲ್ಲ. ಎಣ್ಣಿ ಬಂದದ್ದು ಹೋದ ಶತಮಾನದಾಗ. ಜೀನ್ ತಿರುಗಿ ಕಟ್ಟಿಕೊಳ್ಳೋ ದಾರಿ ಅವಕ್ಕಿಲ್ಲ. ಈ ಸಂಕಟದ ಸಲುವಾಗಿ ನಾವೆಲ್ಲ ಜೋರಾಗಿ ಮಾತಾಡಬೇಕು ಅನ್ನೋದು ನನ್ನ ಮನಸ್ಸಿನ ಮಾತು.

ಕೋಟೆ ಕಡೆಯವ (ಬೀದರ್):
ಚಿತ್ತಾಪುರದ ಹೊಲದ ಎಣ್ಣಿ ಸಮುದ್ರದ ತಿಮಿಂಗಿಲಕ್ಕ ಮುಟ್ಟತದ ಅಂತೀರಾ? ರೈತನ ಮ್ಯಾಲ ಇದೊಂದು ಹೊಸ ಅಪವಾದ ಹೊರಿಸಬ್ಯಾಡ್ರಿ. ಅಂವ ಈಗಾಗಲೇ ಸೋತಾನ.

ತೊಗರಿ ಕಣ (ಚಿತ್ತಾಪುರ):
ಅಪವಾದ ಯಾರೂ ಹೊರಿಸಿಲ್ಲ ಸಾಹೇಬ್ರ. ನಮ್ಮ ಕಾಗಿಣಾ ಭೀಮಾಕ್ಕ ಕೂಡ್ತದ, ಭೀಮಾ ಕೃಷ್ಣಾಕ್ಕ, ಕೃಷ್ಣಾ ಬಂಗಾಳ ಕೊಲ್ಲಿಗೆ. ನಿಮ್ಮ ಮಾಂಜ್ರಾ ಗೋದಾವರಿಗೆ ಹೋಗಿ ಅಲ್ಲಿಗೇ ಸೇರ್ತದ. ಎಷ್ಟು ಹೋಗ್ತದ ಅನ್ನೋದು ಬ್ಯಾರೆ ಮಾತು. ನನಗ ಬೇಕಾದ್ದು ಈ ಎಣ್ಣಿ ಕಡಿಮಿ ಹೊಡೆದು ಬೆಳಿ ಉಳಿಸೋ ದಾರಿ. ಮೋಹಕ ಬಲೆ ಹಚ್ಚೀನಿ, ಹಕ್ಕಿ ಕೂಡ್ಲಿಕ್ಕೆ ಗೂಟ ನಟ್ಟೀನಿ, ಬೇವಿನ ಕಷಾಯ ಮೊದಲು ಹೊಡಿತೀನಿ. ಅದು ನನಗೂ ಛಲೋ.

ದೇವಣಿ ಹೋರಿ (ಬೀದರ್):
ಇಬ್ಬರಿಗೂ ಒಂದು ಮಾತು. ಆ ಅಧ್ಯಯನ ಹೇಳಿದ್ದು ರಕ್ತಕ್ಕ ಆ ವಿಷ ಒಡಿಯೋ ಶಕ್ತಿ ಇಲ್ಲ ಅಂತ. ಇಷ್ಟು ಡಾಲ್ಫಿನ್ ಇದರಿಂದ ಸತ್ತಾವ ಅಂತ ಅದು ಹೇಳಿಲ್ಲ. ಹೆಚ್ಚು ಚಿಂತಿ ಇರೋದು ಮನಾಟಿ, ಕಡಲಹಸುವಿನಂಥ ದಂಡಿ ಹತ್ರ ಹುಲ್ಲು ಮೇಯೋ ಪ್ರಾಣಿಗಳದು. ಹೊಲದ ನೀರು ಬಂದು ಬೀಳೋದು ಅಲ್ಲೇ.

ಗುರುಮಠಕಲ್ (ಯಾದಗಿರಿ):
ಇಷ್ಟು ದೊಡ್ಡ ಮೈ, ಇಷ್ಟೊಂದು ಜೀವಕೋಶ. ಕ್ಯಾನ್ಸರ್ ಬರಬೇಕಲ್ರಿ ಲಗೂ?

ಅಳಂದದವ (ಈಗ ಹೈದರಾಬಾದ್):
ಲೆಕ್ಕದ ಪ್ರಕಾರ ಬರಬೇಕು, ಬರಲ್ಲ. ಪೀಟೋ ವಿರೋಧಾಭಾಸ ಅಂತಾರ ಇದಕ್ಕ. ಆರ್ಕ್ಟಿಕ್‌ನ ಬೋಹೆಡ್ ತಿಮಿಂಗಿಲ 200 ವರ್ಷ ದಾಟಿ ಬದುಕ್ತದ. 2015ರಾಗ ಅದರ ಜೀನೋಮ್ ಓದಿದಾಗ ಡಿಎನ್‌ಎ ರಿಪೇರಿಗೆ ಸಂಬಂಧಪಟ್ಟ ಜೀನ್‌ಗಳಾಗ ವಿಶೇಷ ಬದಲಾವಣಿ ಸಿಕ್ವು. ಆನಿ ದಾರಿ ಬ್ಯಾರೆ, ಅದಕ್ಕ ಟಿಪಿ53 ಅನ್ನೋ ಕಾವಲು ಜೀನ್ ನಕಲು ಸುಮಾರು 20 ಅದಾವ. ತಿಮಿಂಗಿಲಕ್ಕ ಹಂಗಿಲ್ಲ.

ಕೋಟೆ ಕಡೆಯವ (ಬೀದರ್):
ಹಂಗಿದ್ರ ಕೊನೀಗೆ ನೀವು ಹೇಳೋದು ಎಲುಬು ಮೋಸ ಮಾಡಬಹುದು, ಜೀನ್ ಎಂದೂ ಮೋಸ ಮಾಡಲ್ಲ ಅಂತ. ಬರೋಬ್ಬರಿನಾ?

ಸುರಪುರ ಸೀಮೆ (ಯಾದಗಿರಿ):
ಬರೋಬ್ಬರಿ ಅಲ್ರಿ! ಪ್ರೆಸ್ಟಿನ್ ಅನ್ನೋ ಜೀನ್ ಅದ, ಒಳಗಿವಿಯಾಗ ಸಣ್ಣ ಶಬ್ದ ಹಿಗ್ಗಿಸೋದು. 2010ರಾಗ ಎರಡು ಅಧ್ಯಯನ ಬಂದ್ವು. ಬರೇ ಪ್ರೆಸ್ಟಿನ್ ಹಿಡಿದು ವಂಶವೃಕ್ಷ ಬರೆದ್ರ ಡಾಲ್ಫಿನ್ ಹೋಗಿ ಬಾವಲಿ ಪಕ್ಕ ಕೂಡ್ತದ. ಎರಡೂ ಪ್ರತಿಧ್ವನಿ ಕೇಳಿ ದಾರಿ ಹುಡುಕ್ತಾವ, ನಮಗ ಕೇಳದಷ್ಟು ಹೆಚ್ಚು ಆವರ್ತನದ ಶಬ್ದ ಕೇಳೋ ಅಗತ್ಯ ಎರಡಕ್ಕೂ ಇತ್ತು, ಅದಕ್ಕ ಪ್ರೋಟೀನ್‌ನಾಗ ಅವೇ ಬದಲಾವಣಿ ಎರಡು ಕಡಿ ಆಗ್ಯಾವ. ಕೆಲಸಕ್ಕ ಬರೋ ಹೋಲಿಕಿ ಜೀನ್‌ನಾಗ ಇದ್ರೂ ಹುಷಾರಾಗಿರಬೇಕು. ಮೇಡಂ, ನಿಮ್ಮ ಆ ಹುಡುಗಿಗೆ ಇದನ್ನ ತಪ್ಪದೇ ಹೇಳ್ರಿ, ಆಕಿ ಅನುಮಾನ ಎಷ್ಟು ಆಳದ್ದು ಅಂತ ಆಕಿಗೆ ಗೊತ್ತಾಗ್ಲಿ.

ಜೀವಪಾಠ (ಕಲಬುರಗಿ):
ಖರೇನೇ ಹೇಳ್ತೀನಿ ತಂಗಿ. ಇನ್ನೊಂದು ಕೇಳಿ ಬಿಡ್ತೀನಿ. ಬೋರ್ಡ್ ಮ್ಯಾಲ ತಿಮಿಂಗಿಲಗಳ ಒಳಗಿನ ವಂಶವೃಕ್ಷ ಬರಿಬೇಕು. ನೀಲಿ ತಿಮಿಂಗಿಲ, ಫಿನ್ ತಿಮಿಂಗಿಲ, ಹಂಪ್‌ಬ್ಯಾಕ್, ಇವುಗಳ ಕವಲು ಒಂದೊಂದು ಪುಸ್ತಕದಾಗ ಒಂದೊಂದು ಥರ ಅದ. ಯಾವುದು ಬರೀಲಿ?

ಅಳಂದದವ (ಈಗ ಹೈದರಾಬಾದ್):
ಹಲ್ಲಿನವು ಒಂದು ಕವಲು, ಬಲೀನ್ ಇನ್ನೊಂದು. ಅಲ್ಲಿತನಕ ಗಟ್ಟಿ ಗೆರಿ ಹಾಕ್ರಿ ಮೇಡಂ. ಬಲೀನ್ ಒಳಗ ಹೋದ್ರ ಗೆರಿ ತೊಡಕಾಗ್ತದ. ಒಕಾಡ ಅವರ ಗುಂಪಿಗೆ 2006ರಾಗ ಅಲ್ಲಿ ಸೈನ್ ತುಂಡುಗಳೇ ಒಂದಕ್ಕೊಂದು ಹೊಂದದೇ ಬಂದ್ವು. ಕವಲು ಭಾಳ ಗಡಿಬಿಡಿಯಿಂದ ಒಡೆದಾಗ, ಹಿರಿಯನಾಗ ಇದ್ದ ತುಂಡು ಒಂದು ಮಗನಿಗೆ ಹೋಗಿ ಇನ್ನೊಬ್ಬನಿಗೆ ಹೋಗದೇ ಉಳೀತದ. ಅವಾಗ ತುಂಡು ನೋಡಿ ಸಂಬಂಧ ಹೇಳೋದು ಕಷ್ಟ.

2018ರಾಗ ಲುಂಡ್‌ನ ಉಲ್ಫುರ್ ಆರ್ನಾಸನ್ ಮತ್ತು ಜೊತೆಗಾರರು ನೀಲಿ ತಿಮಿಂಗಿಲದ ಪೂರಾ ಜೀನೋಮ್ ಓದಿ ಉಳಿದವುಗಳ ಜೋಡಿ ಹೋಲಿಸಿದ್ರು. ಕವಲೊಡೆಯೋ ಗಿಡದ ಚಿತ್ರ ಹೊಂದಲಿಲ್ಲ, ಹೆಣೆದ ಬಲೆಯ ಚಿತ್ರ ಹೊಂದಿತು. ಜಾತಿ ಬ್ಯಾರೆ ಆದ ಮ್ಯಾಲೂ ಅವು ಕೂಡ್ತಾ ಬಂದಾವ. ಸಮುದ್ರದಾಗ ನಡುವ ಬೆಟ್ಟ ಇಲ್ಲ, ಹೊಳಿ ಇಲ್ಲ, ಅಡ್ಡ ಬರೋದು ಕಡಿಮಿ. ನೀಲಿ ಮತ್ತು ಫಿನ್ ತಿಮಿಂಗಿಲದ ಮಿಶ್ರ ಸಂತಾನ ಈಗಲೂ ಸಿಗ್ತಾವ. ಐಸ್‌ಲೆಂಡ್‌ನಾಗ 1986ರಾಗ ಹಿಡಿದ ಅಂಥ ಒಂದು ಹೆಣ್ಣು ಗರ್ಭಿಣಿ ಇತ್ತು. ಅದಕ್ಕ ಆ ಮೂರರ ನಡುವ ಗಟ್ಟಿ ಗೆರಿ ಬ್ಯಾಡ. ಚುಕ್ಕಿ ಗೆರಿ ಹಾಕಿ, ಅಡ್ಡಡ್ಡ ಬಾಣ ಬರೀರಿ.